ಪಾಸಾದ ಮೇಲೆ ಶುರುವಾದ ಕೆಲಸ: ಮಗಳ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಅನುಭವ

ಪಾವಗಡ ತಾಲ್ಲೂಕು ಕಂದಾಯ ಇಲಾಖೆಯ ಲೆಕ್ಕದಲ್ಲಿ ತುಮಕೂರು ಜಿಲ್ಲೆ. ಶಾಲೆಯ ಲೆಕ್ಕಕ್ಕೆ ಬಂದರೆ ನಾವು ಮಧುಗಿರಿ ಶೈಕ್ಷಣಿಕ ಜಿಲ್ಲೆಯವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಶಾಲೆಗಳಿಗೆ ಉಪನಿರ್ದೇಶಕರ ಕಚೇರಿ ಮಧುಗಿರಿಯಲ್ಲಿದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಮಕ್ಕಳಿಗೆ ಸಂಬಂಧಪಟ್ಟ ಯಾವುದೇ ಪರೀಕ್ಷೆ, ಸ್ಪರ್ಧೆ, ವಿದ್ಯಾರ್ಥಿವೇತನದ ಸುತ್ತೋಲೆ ಬೆಂಗಳೂರಿನಿಂದ ಮಧುಗಿರಿಗೆ ಬಂದು, ಅಲ್ಲಿಂದ ಪಾವಗಡದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲಿಂದ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗಳ ವಾಟ್ಸಾಪ್ ಗ್ರೂಪಿಗೆ, ಅಲ್ಲಿಂದ ಹೆಡ್‌ಮಾಸ್ಟರ್ ಮೊಬೈಲಿಗೆ ಬರುತ್ತದೆ. ಅಷ್ಟು ದೂರ ಬಂದ ಸುದ್ದಿ ಶಾಲೆಯಿಂದ ನಮ್ಮ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟೋ ಸಲ ಕೊನೆಯ ದಿನಾಂಕ ಮುಗಿದಿರುತ್ತದೆ.

ನಾನು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ. ಪಿಯುಸಿ ತನಕ ಓದಿದ್ದೇನೆ. ನಮ್ಮದು ಕಡಲೆಕಾಯಿ ಹೊಲ, ಮಳೆ ಬಂದರೆ ಬೆಳೆ. ಮಗಳು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದಳು. ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಈ ಪರೀಕ್ಷೆಗೆ ಹೇಗೆ ಓದಬೇಕು ಅಂತ ಹೇಳುವವರು ತುಂಬ ಜನ ಇದ್ದಾರೆ. ಪಾಸಾದ ಮೇಲೆ ದುಡ್ಡು ಮಗುವಿನ ಖಾತೆಗೆ ಬರುವ ತನಕ ಏನೇನು ಮಾಡಬೇಕು ಅಂತ ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎನ್‌ಎಂಎಂಎಸ್ ಅಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. 2008ರಲ್ಲಿ ಶುರುವಾದದ್ದು. ಬಡತನದಿಂದ ಮಕ್ಕಳು ಎಂಟನೇ ತರಗತಿಗೇ ಶಾಲೆ ಬಿಡಬಾರದು ಅನ್ನುವುದು ಅದರ ಉದ್ದೇಶ. ದೇಶದಲ್ಲಿ ವರ್ಷಕ್ಕೆ 1 ಲಕ್ಷ ಹೊಸ ಮಕ್ಕಳಿಗೆ ಕೊಡುತ್ತಾರೆ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಯ ಶಾಲೆಗಳಲ್ಲಿ ಎಂಟನೇ ತರಗತಿ ಓದುತ್ತಿರುವವರು ಬರೆಯಬಹುದು. ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇ. 50 ಸಾಕು. ಅಪ್ಪ ಅಮ್ಮನ ವರ್ಷದ ಆದಾಯ 3.5 ಲಕ್ಷ ರೂಪಾಯಿ ದಾಟಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿ ತನಕ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ನಮ್ಮ ಕಡೆ ಇದು ಸಣ್ಣ ದುಡ್ಡಲ್ಲ. ಒಂದು ಹೆಣ್ಣುಮಗುವನ್ನು ಪಿಯುಸಿಗೆ ಕಳಿಸೋಣವೋ ಬೇಡವೋ ಅಂತ ಮನೆಯಲ್ಲಿ ಮಾತು ಬಂದಾಗ ಈ ದುಡ್ಡು ಅವಳ ಪರವಾಗಿ ನಿಲ್ಲುತ್ತದೆ.

ನಮಗೆ ಸುದ್ದಿ ಸಿಕ್ಕಿದ್ದು ಗಣಿತದ ಮೇಡಂ ಕಡೆಯಿಂದ. ಸುತ್ತೋಲೆ ಬರುವ ತನಕ ಅವರು ಕಾಯಲಿಲ್ಲ. ಶಾಲೆ ಶುರುವಾದ ಜೂನ್‌ನಲ್ಲೇ ಪೋಷಕರ ಸಭೆಯಲ್ಲಿ ಹೇಳಿಬಿಟ್ಟರು: "ಆದಾಯದ ಸರ್ಟಿಫಿಕೇಟ್ ಈಗಲೇ ಮಾಡಿಸಿಕೊಳ್ಳಿ ಅಮ್ಮ, ಅರ್ಜಿ ಕರೆದ ಮೇಲೆ ಎಲ್ಲರೂ ಒಟ್ಟಿಗೆ ನಾಡಕಚೇರಿಗೆ ಹೋಗ್ತಾರೆ, ಆಗ ಸರ್ವರ್ ಕೈಕೊಡುತ್ತೆ." ಆ ಒಂದು ಮಾತು ನಮಗೆ ಎಷ್ಟು ಉಪಕಾರ ಮಾಡಿತು ಅಂದರೆ, ಆಮೇಲೆ ಅರ್ಜಿ ಹಾಕುವ ವಾರದಲ್ಲಿ ಬೇರೆ ಊರಿನವರು ಗ್ರಾಮ ಒನ್ ಕೇಂದ್ರದ ಮುಂದೆ ಬೆಳಗ್ಗೆಯಿಂದ ಕೂತಿದ್ದನ್ನು ನಾನೇ ನೋಡಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬಹುದು, ಇಲ್ಲವೇ ಗ್ರಾಮ ಒನ್‌ನಲ್ಲಿ ಹಾಕಬಹುದು. ರೇಷನ್ ಕಾರ್ಡ್, ಆಧಾರ್ ಕೇಳುತ್ತಾರೆ. ಗ್ರಾಮ ಆಡಳಿತ ಅಧಿಕಾರಿ ವರದಿ ಹಾಕಿದ ಮೇಲೆ ತಹಶೀಲ್ದಾರ್ ಕಚೇರಿಯಿಂದ ಆಗುತ್ತದೆ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಕಡೆ ಅದನ್ನೇ ಕೇಳುತ್ತಾರೆ.

ಹೆಸರಿನ ವಿಷಯವನ್ನು ಜೋರಾಗಿ ಹೇಳಬೇಕು. ಶಾಲೆಯ ಸ್ಯಾಟ್ಸ್ ದಾಖಲೆಯಲ್ಲಿ (ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ) ಮಗುವಿನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುವುದು ನಮ್ಮ ಕಡೆ ತೀರಾ ಸಾಮಾನ್ಯ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದಕ್ಷರ ಜಾಸ್ತಿ. ಜೊತೆಗೆ ನಾವು ಆಂಧ್ರದ ಗಡಿಯವರು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಜ್ಜಿ ಕರೆಯುವ ಹೆಸರೇ ಆಧಾರ್‌ಗೆ ಹೋಗಿರುವುದೂ ಉಂಟು. ಪರೀಕ್ಷೆ ಬರೆಯಲು ಇದು ಅಡ್ಡಿ ಆಗದೇ ಇರಬಹುದು, ಆದರೆ ಆಯ್ಕೆಯಾದ ಮೇಲೆ ಪೋರ್ಟಲ್ಲಿನಲ್ಲಿ ಅಡ್ಡಿ ಆಗಿಯೇ ಆಗುತ್ತದೆ. ನಮ್ಮ ಮೇಡಂ ಏಳೆಂಟು ಮಕ್ಕಳ ಆಧಾರ್ ತರಿಸಿ, ಪಕ್ಕದಲ್ಲಿ ಸ್ಯಾಟ್ಸ್ ಇಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿದರು. ಮಗುವಿನ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರುವುದೂ ಮುಖ್ಯ. ನಮ್ಮದಕ್ಕೆ ಜೋಡಿಸಿರಲಿಲ್ಲ. ಅದನ್ನು ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಟ್ಟರು. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಈ ಸೇವೆ ಇದೆ ಅಂತ ಹಳ್ಳಿಯಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ.

ಅರ್ಜಿಯನ್ನು ನಾವು ಹಾಕುವಂತಿಲ್ಲ. ಶಾಲೆಯ ಲಾಗಿನ್‌ನಿಂದ ಹೆಡ್‌ಮಾಸ್ಟರೇ ಹಾಕಬೇಕು. ಇಷ್ಟು ಗೊತ್ತಿದ್ದರೆ ಸಾಕು, "ನಮ್ಮ ಮಗುವಿನದು ಹಾಕಿದ್ರಾ ಸಾರ್, ಪ್ರಿಂಟ್ ತೋರಿಸ್ತೀರಾ" ಅಂತ ಕೇಳುವ ಧೈರ್ಯ ಬರುತ್ತದೆ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಮಾನಸಿಕ ಸಾಮರ್ಥ್ಯದ್ದು, ಮಕ್ಕಳು ಮ್ಯಾಟ್ ಅನ್ನುತ್ತಾರೆ. ಇನ್ನೊಂದು ಪಾಠದ ವಿಷಯಗಳದ್ದು, ಸ್ಯಾಟ್. ಎರಡರಲ್ಲೂ 90 ಪ್ರಶ್ನೆ, 90 ನಿಮಿಷ. ಒಂದು ಪ್ರಶ್ನೆಗೆ ಒಂದೇ ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಪಾಠದ ಪತ್ರಿಕೆಗೆ ಏಳು ಮತ್ತು ಎಂಟನೇ ತರಗತಿಯ ವಿಜ್ಞಾನ, ಸಮಾಜ, ಗಣಿತ ಓದಿದರೆ ಆಗುತ್ತದೆ. ನಮ್ಮ ಮಕ್ಕಳಿಗೆ ಕಷ್ಟ ಆಗಿದ್ದು ಮ್ಯಾಟ್. ಅಂಕಿಗಳ ಸರಣಿ ಕೊಟ್ಟರೆ ಮಗಳು ಪಟಪಟ ಅಂತ ಹೇಳುತ್ತಿದ್ದಳು. ಇಂಗ್ಲಿಷ್ ಅಕ್ಷರಗಳ ಸಂಕೇತ ಬಂದರೆ ನಿಂತುಬಿಡುತ್ತಿದ್ದಳು. ಮೇಡಂ ಅದಕ್ಕೊಂದು ದಾರಿ ಹುಡುಕಿದರು. ಎ ಇಂದ ಜೆಡ್ ತನಕ 26 ಅಕ್ಷರ ಬರೆದು ಕೆಳಗೆ 1ರಿಂದ 26 ಅಂಕಿ ಹಾಕಿಸಿದರು, ಅದರ ಕೆಳಗೆ ಹಿಂದಿನಿಂದ ಇನ್ನೊಂದು ಸಾಲು. ಪರೀಕ್ಷೆಯಲ್ಲಿ ಕೂತ ತಕ್ಷಣ ಪ್ರಶ್ನೆಪತ್ರಿಕೆಯ ಮೂಲೆಯಲ್ಲಿ ಇದನ್ನು ಬರೆದುಕೊಳ್ಳಬೇಕು, ಆಮೇಲೆ ಪ್ರಶ್ನೆ ಓದಬೇಕು. ಇಂಗ್ಲಿಷಿನ ಭಯ ಅಲ್ಲಿಗೆ ಹೋಯಿತು. ಅದು ಮತ್ತೆ ಅಂಕಿಗಳ ಲೆಕ್ಕವೇ ಆಯಿತಲ್ಲ!

ಹಳೆಯ ಪ್ರಶ್ನೆಪತ್ರಿಕೆ ಸಿಕ್ಕಿದ್ದು ಪಂಚಾಯಿತಿಯ ಗ್ರಂಥಾಲಯದಲ್ಲಿ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ. ಗ್ರಂಥಪಾಲಕರು ಹಿಂದಿನ ವರ್ಷಗಳ ಪತ್ರಿಕೆ ಇಳಿಸಿ ಪ್ರಿಂಟ್ ತೆಗೆದುಕೊಟ್ಟರು. ಸಂಜೆ ಮಕ್ಕಳು ಅಲ್ಲೇ ಕೂತು, ಗಡಿಯಾರ ನೋಡಿಕೊಂಡು ಬಿಡಿಸುತ್ತಿದ್ದರು. ಉತ್ತರ ತುಂಬುವ ಓಎಂಆರ್ ಹಾಳೆಯ ಅಭ್ಯಾಸವನ್ನೂ ಮಾಡಿಸಬೇಕು. ಗೊತ್ತಿದ್ದ ಉತ್ತರವನ್ನೂ ಮಕ್ಕಳು ತಪ್ಪು ಸಾಲಿನಲ್ಲಿ ತುಂಬಿಬಿಡುತ್ತಾರೆ. ಒಂದು ಸಾಲು ತಪ್ಪಿದರೆ ಆಮೇಲೆ ಬರುವುದೆಲ್ಲ ತಪ್ಪು.

ಪರೀಕ್ಷೆ ದಿನ ಹೇಳುವಂಥದ್ದೇನೂ ಆಗಲಿಲ್ಲ. ಕೇಂದ್ರ ಪಾವಗಡದಲ್ಲಿತ್ತು. ಬೆಳಗಿನ ಬಸ್ಸು ಭಾನುವಾರ ಬರುತ್ತೋ ಇಲ್ಲವೋ ಅಂತ ಎಲ್ಲರೂ ಸೇರಿ ಒಂದು ಟೆಂಪೋ ಮಾಡಿಕೊಂಡು ಹೋದೆವು.

ಫಲಿತಾಂಶದ ಬಗ್ಗೆ ಒಂದು ಮಾತು. ಎರಡೂ ಪತ್ರಿಕೆ ಸೇರಿ ಶೇ. 40 ತೆಗೆದರೆ ಅರ್ಹತೆ, ಪರಿಶಿಷ್ಟ ಜಾತಿ ಪಂಗಡಕ್ಕೆ ಶೇ. 32. ಅರ್ಹತೆ ಬೇರೆ, ಆಯ್ಕೆ ಬೇರೆ. ಅರ್ಹರಾದವರಲ್ಲಿ ಜಿಲ್ಲೆ ಮತ್ತು ಮೀಸಲಾತಿ ನೋಡಿ, ಅಂಕದ ಮೇಲೆ ಆಯ್ಕೆ ಪಟ್ಟಿ ಮಾಡುತ್ತಾರೆ. ನಮ್ಮ ಪಕ್ಕದ ಬೀದಿಯ ಮನೆಯಲ್ಲಿ ಅಂಕ ನೋಡಿ "ಪಾಸಾಯ್ತು" ಅಂತ ಸಿಹಿ ಹಂಚಿದರು. ಆಯ್ಕೆ ಪಟ್ಟಿಯಲ್ಲಿ ಹುಡುಗನ ಹೆಸರು ಇರಲಿಲ್ಲ. ಆ ಮಗುವಿನ ಮುಖ ನೋಡಲಿಕ್ಕೆ ಆಗಲಿಲ್ಲ. ಮಕ್ಕಳಿಗೆ ಈ ಎರಡರ ವ್ಯತ್ಯಾಸವನ್ನು ಮೊದಲೇ ಹೇಳಿಡಿ, ದಯವಿಟ್ಟು.

ಮಗಳ ಹೆಸರು ಪಟ್ಟಿಯಲ್ಲಿತ್ತು. ನಿಜವಾದ ಕೆಲಸ ಅಲ್ಲಿಂದ ಮುಂದೆ.

ನಮ್ಮಂಥ ಹಳ್ಳಿಗಳಲ್ಲಿ ಎಂಟನೇ ತರಗತಿ ಪ್ರಾಥಮಿಕ ಶಾಲೆಯಲ್ಲೇ ಇರುತ್ತದೆ. ಒಂಬತ್ತಕ್ಕೆ ಬೇರೆ ಊರಿನ ಪ್ರೌಢಶಾಲೆಗೆ ಹೋಗಬೇಕು. ಪರೀಕ್ಷೆ ಬರೆಸಿದ್ದು ಹಳೆ ಶಾಲೆ. ಆಯ್ಕೆ ಪಟ್ಟಿಯ ಸುದ್ದಿ ಬರುವುದೂ ಹಳೆ ಶಾಲೆಗೆ. ಆದರೆ ದುಡ್ಡು ಬರಬೇಕಾದರೆ ಒಂಬತ್ತನೇ ತರಗತಿಗೆ ಸೇರಿದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಎನ್‌ಎಸ್‌ಪಿ ಅಂತಾರಲ್ಲ ಅದರಲ್ಲಿ, ಹೊಸದಾಗಿ ಅರ್ಜಿ ಹಾಕಬೇಕು, ಅದನ್ನು ಹೊಸ ಶಾಲೆಯ ನೋಡಲ್ ಅಧಿಕಾರಿ, ಅಂದರೆ ಈ ಕೆಲಸ ವಹಿಸಿರುವ ಶಿಕ್ಷಕರು, ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಹಳೆ ಶಾಲೆಯವರು "ಮಗು ಈಗ ನಮ್ಮಲ್ಲಿಲ್ಲ" ಅನ್ನುತ್ತಾರೆ. ಹೊಸ ಶಾಲೆಯವರಿಗೆ ಈ ಮಗು ಆಯ್ಕೆಯಾಗಿದೆ ಅಂತಲೇ ಗೊತ್ತಿರುವುದಿಲ್ಲ. ಇಬ್ಬರದೂ ತಪ್ಪಲ್ಲ ಅಂತ ಹೇಳಬಹುದು, ಆದರೆ ಮಗುವಿನ ದುಡ್ಡು ಮಾತ್ರ ನಡುವೆ ಕಳೆದುಹೋಗುತ್ತದೆ. ನಮ್ಮ ಸುತ್ತಮುತ್ತ ಒಬ್ಬ ಹುಡುಗನಿಗೆ ಹೀಗೇ ಆಯಿತು. ಅಪ್ಪ ಇಲ್ಲದ ಹುಡುಗ, ತಾಯಿ ಕೂಲಿಗೆ ಹೋಗುತ್ತಾರೆ. ಸೇರಿದ ಶಾಲೆಯಲ್ಲಿ ಯಾರೂ ಹೇಳಲಿಲ್ಲ, ಪೋರ್ಟಲ್ ಮುಚ್ಚಿತು. ಕಷ್ಟಪಟ್ಟು ಗೆದ್ದ ಮಗುವಿಗೆ ಒಂದು ಫೋನ್ ಮಾಡುವವರು ಇರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ. ಎಂಟನೇ ತರಗತಿಯ ಟಿಸಿ ಕೊಡುವಾಗಲೇ ಆಯ್ಕೆಯಾದ ಮಗುವಿನ ವಿವರವನ್ನು ಹೊಸ ಶಾಲೆಗೆ ಬರೆದು ಕಳಿಸುವ ಪದ್ಧತಿ ಎಲ್ಲ ಕಡೆ ಕಡ್ಡಾಯ ಆಗಬೇಕು. ಒಂದು ಹಾಳೆಯ ಕೆಲಸ ಅದು.

ಯಾವ ಶಾಲೆಗೆ ಸೇರಿಸುತ್ತೀರಿ ಅನ್ನುವುದೂ ಮುಖ್ಯ. ಖಾಸಗಿ ಅನುದಾನರಹಿತ ಶಾಲೆಗೆ ಹೋದರೆ ವಿದ್ಯಾರ್ಥಿವೇತನ ಇಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯ, ಊಟ ವಸತಿ ಉಚಿತ ಕೊಡುವ ಸರ್ಕಾರಿ ವಸತಿ ಶಾಲೆ, ಅಲ್ಲೂ ಇಲ್ಲ. ಎಂಟನೇ ತರಗತಿಯ ಅಂಕವೂ ಕನಿಷ್ಠ ಶೇ. 55 ಇರಬೇಕು, ಪರಿಶಿಷ್ಟರಿಗೆ ಇಲ್ಲೂ 5ರ ರಿಯಾಯಿತಿ.

ಎನ್‌ಎಸ್‌ಪಿಯಲ್ಲಿ ಈಗ ಮೊದಲು ಒಂದು ಸಲದ ನೋಂದಣಿ ಮಾಡಬೇಕು, ಓಟಿಆರ್ ಅನ್ನುತ್ತಾರೆ. ಆಧಾರ್ ಮೂಲಕ, ಮೊಬೈಲ್‌ನಲ್ಲಿ ಮುಖ ತೋರಿಸಿ ಆಗುವಂಥದ್ದು. ಒಂದು ಸಂಖ್ಯೆ ಬರುತ್ತದೆ, ಅದು ಮಗುವಿನ ಓದು ಮುಗಿಯುವ ತನಕ ಬೇಕು. ನಮ್ಮ ಮನೆಯ ಒಳಗೆ ಬೆಳಕು ಕಮ್ಮಿ, ಕ್ಯಾಮೆರಾ ಮುಖ ಹಿಡಿಯಲೇ ಇಲ್ಲ. ಅಂಗಳಕ್ಕೆ ಬಂದು, ತಲೆಗೆ ಕಟ್ಟಿದ್ದ ಬಟ್ಟೆ ತೆಗೆಸಿ, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದ ಮೇಲೆ ಆಯಿತು. ಶಾಲೆ ಹುಡುಕುವಾಗ ಹೆಸರಿನಿಂದ ಹುಡುಕಬೇಡಿ, ಒಂದೇ ಥರದ ಹೆಸರು ತುಂಬ ಇರುತ್ತದೆ. ಪ್ರತಿ ಶಾಲೆಗೂ ಯುಡೈಸ್ ಅನ್ನುವ 11 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಕೇಳಿಕೊಂಡು ಹೋಗಿ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಮೊಬೈಲ್ ನಂಬರ್ ಮನೆಯವರದ್ದೇ ಕೊಡಿ. ಸೈಬರ್ ಸೆಂಟರಿನ ಹುಡುಗ "ನನ್ನ ನಂಬರ್ ಹಾಕ್ಲಾ ಅಕ್ಕಾ, ಬೇಗ ಆಗುತ್ತೆ" ಅಂದ. ಪಾಪ, ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನಾನು ಬೇಡ ಅಂದೆ. ಮುಂದಿನ ವರ್ಷ ಒಟಿಪಿ ಬಂದಾಗ ಅವನು ಎಲ್ಲಿರುತ್ತಾನೋ ಯಾರಿಗೆ ಗೊತ್ತು?

ಅರ್ಜಿ ಸಲ್ಲಿಸಿದ ಮೇಲೆ ಎರಡು ಹಂತದ ಪರಿಶೀಲನೆ. ಮೊದಲು ಶಾಲೆಯಲ್ಲಿ, ಆಮೇಲೆ ಜಿಲ್ಲೆಯಲ್ಲಿ. ಶಾಲೆಯ ಹಂತದಲ್ಲೇ ಅರ್ಜಿ ಕೂತುಬಿಡುವುದು ಜಾಸ್ತಿ. ಮಗಳು ಸೇರಿದ ಪ್ರೌಢಶಾಲೆಯಲ್ಲಿ ನೋಡಲ್ ಕೆಲಸ ನೋಡುತ್ತಿದ್ದ ಸಾರ್‌ಗೆ ಅದೇ ಹೊತ್ತಿಗೆ ವರ್ಗಾವಣೆ ಆಗಿತ್ತು. ಹೊಸಬರ ಹೆಸರಿಗೆ ಲಾಗಿನ್ ಬದಲಾಗಿರಲಿಲ್ಲ. ನಾನು ಶಾಲೆಗೆ, ಬಿಇಒ ಕಚೇರಿಗೆ ಓಡಾಡಿದೆ. ಜಗಳ ಆಡಲಿಲ್ಲ. ಅರ್ಜಿಯ ಪ್ರಿಂಟ್, ಆಯ್ಕೆ ಪಟ್ಟಿಯಲ್ಲಿ ಮಗಳ ಹೆಸರಿಗೆ ಗೆರೆ ಎಳೆದ ಪುಟ, ಪರಿಶೀಲನೆಯ ಕೊನೆಯ ದಿನಾಂಕ, ಈ ಮೂರನ್ನು ಮುಂದಿಟ್ಟು "ಇದು ಯಾರ ಮೇಜಿನಲ್ಲಿದೆ ಹೇಳಿ ಸಾರ್, ನಾನು ಅವರನ್ನೇ ಕೇಳ್ತೀನಿ" ಅಂದೆ. ಅಲ್ಲಿ ಕೆಲಸ ಮಾಡುವ ಒಬ್ಬರು ಎದ್ದು ಬಂದು, ನನ್ನ ಮುಂದೆಯೇ ಫೋನ್ ಮಾಡಿ, ಏನು ಬೇಕೋ ಕೇಳಿ ಮಾಡಿಸಿದರು. ಅವರಿಗೆ ನಾನು ಋಣಿ. ಪೋರ್ಟಲ್ಲಿನಲ್ಲಿ ಅರ್ಜಿಯ ಸ್ಥಿತಿ ಕಾಣುತ್ತದೆ, ಅದನ್ನು ಆಗಾಗ ನೋಡುತ್ತಿರಬೇಕು. ಕೆಲವು ಸಲ ತಿದ್ದುಪಡಿಗೆ ಅಂತ ವಾಪಸ್ ಬಂದಿರುತ್ತದೆ, ಮೊಬೈಲಿಗೆ ಬಂದ ಸಂದೇಶ ಓದದೇ ಇದ್ದರೆ ಅಲ್ಲಿಗೇ ಮುಗಿಯಿತು.

ಇನ್ನು ಬ್ಯಾಂಕು. ಖಾತೆ ಮಗುವಿನ ಹೆಸರಲ್ಲಿ ಇದ್ದರೆ ಸಾಲದು, ಆಧಾರ್ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ, ಆಗಿರಬೇಕು. ದುಡ್ಡು ಖಾತೆ ಸಂಖ್ಯೆ ನೋಡಿಕೊಂಡು ಬರುವುದಿಲ್ಲ, ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪಿಂಗ್ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಇದು ನಮ್ಮೂರಿನ ಹೆಂಗಸರಿಗೆ ಗೊತ್ತಿತ್ತು! 2023ರಲ್ಲಿ ಗೃಹಲಕ್ಷ್ಮಿ 2,000 ರೂಪಾಯಿ ಶುರುವಾದಾಗ ಎಷ್ಟೋ ಜನರಿಗೆ ದುಡ್ಡು ಬಾರದೆ, ಬ್ಯಾಂಕಿಗೆ ಹೋಗಿ ಹೋಗಿ ಈ ಮಾತನ್ನೆಲ್ಲ ಕಲಿತಿದ್ದರು. ಮಗಳ ಖಾತೆಯದ್ದು ಆಗಿಲ್ಲ ಅಂತ ಕಂಡುಹಿಡಿದದ್ದು ನಮ್ಮ ಸ್ವಸಹಾಯ ಸಂಘದ ಒಬ್ಬ ಅಕ್ಕ, ಓದಿದ್ದು ನಾಲ್ಕನೇ ತರಗತಿ. "ಪಾಸ್‌ಬುಕ್ಕಿನಲ್ಲಿ ಆಧಾರ್ ನಂಬರ್ ಬರೆದುಬಿಟ್ರೆ ಆಗಲ್ಲ ಕಣಮ್ಮ, ಮ್ಯಾಪಿಂಗ್ ಫಾರ್ಮ್ ಬೇರೆ ಕೊಡಬೇಕು" ಅಂದರು. ಹಾಗೇ ಆಯಿತು. ಫಾರ್ಮ್ ಕೊಟ್ಟು ಬಂದೆವು, ಸ್ವಲ್ಪ ದಿನದಲ್ಲಿ ಸರಿಯಾಯಿತು.

ಮೊದಲ ವರ್ಷದ 12,000 ಬಂದಾಗ ಮಗಳು ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಅವರಪ್ಪನಿಗೆ ತೋರಿಸಿದಳು. ಅವರು ಅದನ್ನು ಎರಡು ಸಲ ಓದಿದರು. ಸ್ವಲ್ಪ ದುಡ್ಡಿನಲ್ಲಿ ಹತ್ತನೇ ತರಗತಿಯ ಪುಸ್ತಕ ತಂದೆವು, ಕಣ್ಣು ತೋರಿಸಿ ಕನ್ನಡಕ ಹಾಕಿಸಿದೆವು. ಮಿಕ್ಕಿದ್ದನ್ನು ಮುಟ್ಟಿಲ್ಲ, ಅದು ಪಿಯುಸಿಗೆ.

ಇಷ್ಟೆಲ್ಲ ಆದ ಮೇಲೆ ನಾನು ಎಸ್‌ಡಿಎಂಸಿ ಸಭೆಯಲ್ಲಿ ಒಂದೇ ಒಂದು ವಿಷಯ ಕೇಳಿದೆ. ಶಾಲೆಗೆ ಬರುವ ಸುದ್ದಿ ಹೆಡ್‌ಮಾಸ್ಟರ್ ಫೋನಿನಲ್ಲಿ ಉಳಿಯಬಾರದು. ಶಾಲೆಯ ಗೇಟಿನ ಹತ್ತಿರ ಒಂದು ಕರಿಹಲಗೆ ಹಾಕಿಸಿದೆವು. ಯಾವ ಪರೀಕ್ಷೆ, ಯಾವ ತರಗತಿಗೆ, ಏನೇನು ಕಾಗದ, ಕೊನೆಯ ದಿನ ಯಾವುದು, ಇಷ್ಟೇ ಬರೆಯುವುದು. ಎಲ್ಲ ಮನೆಯಲ್ಲೂ ಓದು ಬರುವವರು ಇಲ್ಲವಲ್ಲ, ಅದಕ್ಕೆ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಓಡಿಸುವ ತಂಗಿಯನ್ನು ಕೇಳಿದೆ. ಕಸ ತಗೊಳ್ಳಲು ಬರುವಾಗ ಮೈಕಿನಲ್ಲಿ ಅವಳೇ ಹೇಳಿಬಿಡುತ್ತಾಳೆ, ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಮಕ್ಕಳ ಗ್ರಾಮಸಭೆಯಲ್ಲಿ ಮಗಳು ಎದ್ದು ನಿಂತು ಅರಿವು ಕೇಂದ್ರ ಪರೀಕ್ಷೆ ಸಮಯದಲ್ಲಿ ರಾತ್ರಿ ಎಂಟರ ತನಕ ತೆಗೆದಿರಬೇಕು ಅಂತ ಕೇಳಿದಳು. ಪಿಡಿಒ ಮೇಡಂ ಒಪ್ಪಿದರು. ದೊಡ್ಡವರ ಸಭೆಯಲ್ಲಿ ನಾನು ಕೇಳಿದ್ದಿದ್ದರೆ ಅಷ್ಟು ಬೇಗ ಆಗುತ್ತಿತ್ತೋ ಇಲ್ಲವೋ.

ಹಲಗೆ ಬಂದ ಮೇಲೆ ಎಷ್ಟೊಂದು ಅವಕಾಶ ಇತ್ತು ಅಂತ ನಮಗೇ ಆಶ್ಚರ್ಯ ಆಯಿತು. ಐದನೇ ತರಗತಿಯ ಮಕ್ಕಳಿಗೆ ನವೋದಯ ಪ್ರವೇಶ ಪರೀಕ್ಷೆ, ಅಲ್ಲಿ ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೇ ಇದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಆರನೇ ತರಗತಿ ಪ್ರವೇಶ. ಪ್ರತಿಭಾ ಕಾರಂಜಿ ಎಲ್ಲರಿಗೂ ಗೊತ್ತು, ಆದರೆ ಇನ್‌ಸ್ಪೈರ್ ಮಾನಕ್ ಗೊತ್ತಿರಲಿಲ್ಲ. ಮಕ್ಕಳ ಹೊಸ ಯೋಚನೆಗಳಲ್ಲಿ ಐದರ ತನಕ ಶಾಲೆಯಿಂದ ಕಳಿಸಬಹುದು, ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿ. ಕಡಲೆಕಾಯಿ ಬಿಡಿಸಿ ಬಿಡಿಸಿ ಅಮ್ಮಂದಿರ ಬೆರಳು ಸವೆಯುವುದನ್ನು ದಿನಾ ನೋಡುವ ಮಕ್ಕಳು ಇವರು. ಯೋಚನೆಗೆ ಬರ ಇಲ್ಲ. ಹೋದ ಸಲ ನಮ್ಮ ಶಾಲೆಯಿಂದ ಐದೂ ಕಳಿಸಿದರು.

ಈಗ ನಮ್ಮ ಮುಂದೆ ಇರುವುದು ಹತ್ತನೇ ತರಗತಿ. ಎನ್‌ಎಂಎಂಎಸ್ ಪ್ರತಿ ವರ್ಷ ನವೀಕರಿಸಬೇಕು, ತಾನಾಗಿಯೇ ಮುಂದುವರಿಯುವುದಿಲ್ಲ. ಪಿಯುಸಿಯಲ್ಲೂ ಸಿಗಬೇಕಾದರೆ ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 60 ಬೇಕು, ಪರಿಶಿಷ್ಟರಿಗೆ ಶೇ. 55. ಈ ವರ್ಷದ ನವೀಕರಣ ಶಾಲೆಯ ಹಂತ ದಾಟಿದೆ, ಜಿಲ್ಲೆಯದ್ದು ಬಾಕಿ ಇದೆ. ಮಗಳಿಗೆ ಸೈನ್ಸ್ ತಗೊಳ್ಳುವ ಆಸೆ. ನೆಂಟರೆಲ್ಲ ತುಮಕೂರಿನ ಖಾಸಗಿ ಕಾಲೇಜಿಗೆ ಹಾಕಿ ಅನ್ನುತ್ತಿದ್ದಾರೆ. ಅನುದಾನವಿಲ್ಲದ ಕಾಲೇಜಿಗೆ ಹಾಕಿದರೆ ಉಳಿದ 24,000 ಹೋಗುತ್ತದೆ, ಮೇಲೆ ಫೀಸು, ಹಾಸ್ಟೆಲ್ಲು. ನಾವು ಸರ್ಕಾರಿ ಪದವಿಪೂರ್ವ ಕಾಲೇಜಿಗೇ ಹೋಗಿ, ಭೌತಶಾಸ್ತ್ರ, ಗಣಿತಕ್ಕೆ ಉಪನ್ಯಾಸಕರು ಇದ್ದಾರಾ ಅಂತ ವಿಚಾರಿಸಿಕೊಂಡು ಬಂದೆವು. ಇದ್ದಾರೆ. ಒಂದರಿಂದ ಹತ್ತರ ತನಕ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮುಂದೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ್ದು ಶೇ. 5 ಇದೆ. ಅದರ ವ್ಯಾಸಂಗ ಪ್ರಮಾಣಪತ್ರಕ್ಕೆ ಹಳೆ ಶಾಲೆ, ಪ್ರೌಢಶಾಲೆ ಎರಡರ ಸಹಿ, ಬಿಇಒ ಸಹಿ ಬೇಕು. ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲೇ ಮಾಡಿಸಿಡಬೇಕು ಅಂತ ಹಲಗೆಯ ಮೇಲೆ ಈಗಾಗಲೇ ಬರೆಸಿದ್ದೇನೆ.